ರೊಸಾಲಿಂಡ್ ಫ್ರಾಂಕ್ಲಿನ್

ರೊಸಾಲಿಂಡ್ ಎಲ್ಸಿ ಫ್ರಾಂಕ್ಲಿನ್ (ಜುಲೈ 25, 1920 – ಏಪ್ರಿಲ್ 16, 1958) ಇಂಗ್ಲೆಂಡಿನ ಭೌತರಸಾಯನ ವಿಜ್ಞಾನಿ ಮತ್ತು ಕ್ಷ-ಕಿರಣ ಸ್ಫಟಿಕಶಾಸ್ತ್ರಜ್ಞೆ. ಡಿಎನ್‌ಎ ಅಣುವಿನ ರಚನೆಯನ್ನು ಕಂಡುಹಿಡಿಯಲು ನೆರವಾದ ಕ್ಷ-ಕಿರಣ ಚಿತ್ರಗಳಿಂದಾಗಿ ಅವರ ಹೆಸರು ಜನಜನಿತವಾಗಿದೆ. ಆದರೆ ಅವರು ಡಿಎನ್‌ಎ ಸಂಶೋಧನೆಯಲ್ಲಿ ತೊಡಗಿದ್ದುದು ಎರಡು ವರ್ಷಗಳಿಗೆ ತುಸು ಹೆಚ್ಚು ಕಾಲ ಮಾತ್ರ. ಬದುಕಿನ ಕೊನೆಯ ಐದು ವರ್ಷಗಳನ್ನು ಅವರು ವೈರಸ್‌ಗಳ ಪ್ರೋಟೀನ್ ಕವಚದ ರಚನೆಯ ಅಧ್ಯಯನಕ್ಕೆ ಮುಡಿಪಾಗಿಟ್ಟರು. ಸ್ವಂತ ತಂಡ ಕಟ್ಟಿಕೊಂಡು, ತಮ್ಮದೇ ಹೊಣೆಯಲ್ಲಿ ನಡೆಸಿದ ಈ ಕೆಲಸವೇ ಅವರ ವಿಜ್ಞಾನಜೀವನದ ಅತ್ಯಂತ ಪರಿಪಕ್ವ ಭಾಗ. ಸಸ್ಯಗಳಿಗೆ ತಗಲುವ ವೈರಸ್‌ಗಳಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಗುರುತಿಸಿದ ನಿಯಮಗಳು ಮುಂದೆ ಬ್ಯಾಕ್ಟೀರಿಯಾಗಳನ್ನು ಆಕ್ರಮಿಸುವ ವೈರಸ್‌ಗಳ, ಅಂದರೆ ಬ್ಯಾಕ್ಟೀರಿಯೊಫೇಜ್‌ಗಳ, ಕವಚವನ್ನು ಅರಿಯಲೂ ತಳಹದಿಯಾದವು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಫ್ರಾಂಕ್ಲಿನ್ ಅವರು ಲಂಡನ್ನಿನ ನಾಟಿಂಗ್ ಹಿಲ್ ಬಡಾವಣೆಯ ಅನುಕೂಲಸ್ಥ ಯಹೂದಿ ಕುಟುಂಬದಲ್ಲಿ ಜನಿಸಿದರು. ತಂದೆ ಎಲ್ಲಿಸ್ ಆರ್ಥರ್ ಫ್ರಾಂಕ್ಲಿನ್ ಬ್ಯಾಂಕ್ ವ್ಯವಹಾರಸ್ಥರು. ಸಂಜೆಯ ವೇಳೆ ದುಡಿಯುವ ವರ್ಗದವರ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದರು. ತಾಯಿ ಮ್ಯುರಿಯಲ್ ಫ್ರಾನ್ಸಿಸ್ ವೇಲಿ. ಐವರು ಮಕ್ಕಳಲ್ಲಿ ರೊಸಾಲಿಂಡ್ ಎರಡನೆಯವರು, ಹೆಣ್ಣುಮಕ್ಕಳಲ್ಲಿ ಹಿರಿಯರು. ಹುಡುಗಿಯರಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನು ಕಲಿಸುತ್ತಿದ್ದ ಶಾಲೆಗಳು ವಿರಳವಾಗಿದ್ದ ಆ ಕಾಲದಲ್ಲಿ ಅವರಿಗೆ ಸೇಂಟ್ ಪಾಲ್ಸ್ ಬಾಲಿಕಾ ಶಾಲೆಯಲ್ಲಿ ಓದುವ ಅವಕಾಶ ದೊರೆಯಿತು. ಶಾಲೆ ಮುಗಿಸುವಾಗ ದೊರೆತ ವಿದ್ಯಾರ್ಥಿವೇತನವನ್ನು, ತಂದೆಯ ಸೂಚನೆಯಂತೆ, ನಿರಾಶ್ರಿತ ವಿದ್ಯಾರ್ಥಿಯೊಬ್ಬರಿಗೆ ಬಿಟ್ಟುಕೊಟ್ಟರು. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದವರಿಗೆ ಆ ಕುಟುಂಬ ಸತತವಾಗಿ ನೆರವಾಗುತ್ತಿತ್ತು.

1938ರಲ್ಲಿ ಕೇಂಬ್ರಿಜ್‌ನ ನ್ಯೂನ್‌ಹ್ಯಾಮ್ ಕಾಲೇಜನ್ನು ಸೇರಿ, 1941ರಲ್ಲಿ ಅಂತಿಮ ಪರೀಕ್ಷೆಯಲ್ಲಿ ದ್ವಿತೀಯ ದರ್ಜೆಯಲ್ಲಿ ಉತ್ತೀರ್ಣರಾದರು. ಆಗ ಕೇಂಬ್ರಿಜ್ ವಿಶ್ವವಿದ್ಯಾಲಯವು ಮಹಿಳೆಯರಿಗೆ ಪರೀಕ್ಷೆ ಬರೆಯಲು ಅವಕಾಶ ನೀಡುತ್ತಿತ್ತೇ ಹೊರತು ಪೂರ್ಣ ಪ್ರಮಾಣದ ಪದವಿಯನ್ನು ನೀಡುತ್ತಿರಲಿಲ್ಲ. ಆ ತಾರತಮ್ಯ ಕೊನೆಗೊಂಡದ್ದು 1940ರ ದಶಕದ ಕೊನೆಯಲ್ಲಿ. ನೆರೆಯ ಫ್ರಾನ್ಸಿನಿಂದ ನಿರಾಶ್ರಿತರಾಗಿ ಬಂದಿದ್ದ ವಿಜ್ಞಾನಿ ಏಡ್ರಿಯೆನ್ ವೇಯ್ ಅವರ ಸ್ನೇಹ ದೊರೆತದ್ದು ಕೇಂಬ್ರಿಜ್‌ನಲ್ಲಿಯೇ. ಅವರಿಂದ ಫ್ರೆಂಚ್ ಭಾಷೆಯನ್ನು ರೂಢಿಸಿಕೊಂಡದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು.

ಕಲ್ಲಿದ್ದಲಿನಿಂದ ಗ್ರಾಫೈಟ್‌ವರೆಗೆ

ಯುದ್ಧಕಾಲದಲ್ಲಿ, 1942ರಿಂದ, ಬ್ರಿಟಿಷ್ ಕಲ್ಲಿದ್ದಲು ಬಳಕೆ ಸಂಶೋಧನಾ ಸಂಘದಲ್ಲಿ ಕೆಲಸ ಮಾಡಿದರು. ಕಲ್ಲಿದ್ದಲಿನೊಳಗಿನ ಅತಿ ಸೂಕ್ಷ್ಮ ರಂಧ್ರಗಳ ಗಾತ್ರ ಎಷ್ಟು, ಯಾವ ಅನಿಲ ಅವುಗಳೊಳಗೆ ಹೋಗಬಲ್ಲದು, ಯಾವುದು ಹೋಗಲಾರದು ಎಂಬುದು ಅವರ ವಿಷಯವಾಗಿತ್ತು. ಈ ಸಂಶೋಧನೆಗೆ 1945ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪದವಿ ದೊರೆಯಿತು. 1947ರಲ್ಲಿ ಪ್ಯಾರಿಸ್ಸಿನ ಸರ್ಕಾರಿ ರಾಸಾಯನಿಕ ಪ್ರಯೋಗಾಲಯಕ್ಕೆ ಹೋಗಿ, ಜಾಕ್ ಮೆರಿಂಗ್ ಅವರಲ್ಲಿ ಕ್ಷ-ಕಿರಣ ವಿವರ್ತನೆಯ ವಿದ್ಯೆಯನ್ನು ಕಲಿತರು.

ಈ ವಿದ್ಯೆಯ ತಿರುಳು ಇಷ್ಟು: ಕ್ಷ-ಕಿರಣವನ್ನು ಒಂದು ವಸ್ತುವಿನ ಮೂಲಕ ಹಾಯಿಸಿದಾಗ, ಒಳಗಿನ ಪರಮಾಣುಗಳ ಜೋಡಣೆಗೆ ತಕ್ಕಂತೆ ಕಿರಣವು ಚದುರಿ, ಹಿಂದಿರಿಸಿದ ಫಿಲಂ ಮೇಲೆ ಚುಕ್ಕೆಗಳನ್ನೂ ಪಟ್ಟೆಗಳನ್ನೂ ಮೂಡಿಸುತ್ತದೆ. ಆ ಚುಕ್ಕೆಗಳ ಸ್ಥಾನವನ್ನೂ ಗಾಢತೆಯನ್ನೂ ಅಳೆದು, ಲೆಕ್ಕದ ಮೂಲಕ ಹಿಂದಕ್ಕೆ ಹೋಗಿ ಒಳರಚನೆಯನ್ನು ಊಹಿಸಬೇಕು. ಉಪ್ಪು, ಸಕ್ಕರೆಗಳಂಥ ಅಚ್ಚುಕಟ್ಟಾದ ಹರಳುಗಳಲ್ಲಿ ಇದು ಸುಲಭ. ಇದ್ದಿಲಿನಂಥ ಅರೆಬರೆ ಕ್ರಮದ ವಸ್ತುವಿನಲ್ಲಿ ಕಠಿಣ. ಫ್ರಾಂಕ್ಲಿನ್ ಆರಿಸಿಕೊಂಡದ್ದು ಎರಡನೆಯದನ್ನು. ಬಿಸಿಮಾಡಿದಾಗ ಗ್ರಾಫೈಟ್ ಆಗುವ ಇಂಗಾಲಗಳು, ಎಷ್ಟೇ ಬಿಸಿಮಾಡಿದರೂ ಆಗದ ಇಂಗಾಲಗಳು ಎಂಬ ವಿಂಗಡಣೆಯನ್ನು ಅವರು 1951ರಲ್ಲಿ ಪ್ರಕಟಿಸಿದರು. ಇಂಗಾಲದ ಅಧ್ಯಯನದಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಪೂರ್ಣ ಹರಳಾಗದ ವಸ್ತುಗಳಿಂದಲೂ ಮಾಹಿತಿ ಹೊರಡಿಸುವ ಈ ಪಳಗಿದ ಕೈಯೇ ಮುಂದೆ ಡಿಎನ್‌ಎ ಎಳೆಗಳಲ್ಲಿಯೂ ವೈರಸ್ ಕಡ್ಡಿಗಳಲ್ಲಿಯೂ ಫಲ ಕೊಟ್ಟಿತು.

ಕಿಂಗ್ಸ್ ಕಾಲೇಜು ಮತ್ತು ಡಿಎನ್‌ಎ

1951ರ ಜನವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಸೇರಿದರು. ವಿಭಾಗದ ಮುಖ್ಯಸ್ಥ ಜಾನ್ ರ‍್ಯಾಂಡಲ್ ಅವರು ಡಿಎನ್‌ಎಯ ಕ್ಷ-ಕಿರಣ ಅಧ್ಯಯನವನ್ನು ಇವರಿಗೆ ಒಪ್ಪಿಸಿದರು. ಅದೇ ವಿಷಯದಲ್ಲಿ ಮೊದಲೇ ತೊಡಗಿದ್ದ ಮಾರಿಸ್ ವಿಲ್ಕಿನ್ಸ್ ಅವರಿಗೆ ಅದನ್ನು ಸ್ಪಷ್ಟವಾಗಿ ತಿಳಿಸಲಿಲ್ಲ. ಬಂದವರು ತಮ್ಮ ಸಹಾಯಕಿ ಎಂದು ವಿಲ್ಕಿನ್ಸ್ ತಿಳಿದರು; ತಾವು ಸ್ವತಂತ್ರ ಸಂಶೋಧಕಿ ಎಂದು ಫ್ರಾಂಕ್ಲಿನ್ ತಿಳಿದಿದ್ದರು. ಇಬ್ಬರ ವೈಮನಸ್ಯದ ಬೇರು ಸ್ವಭಾವಕ್ಕಿಂತ ಹೆಚ್ಚಾಗಿ ಈ ಗೊಂದಲದಲ್ಲಿದೆ.

ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್ ಅವರೊಂದಿಗೆ ಫ್ರಾಂಕ್ಲಿನ್, ಗಾಳಿಯ ತೇವಾಂಶಕ್ಕೆ ಅನುಗುಣವಾಗಿ ಡಿಎನ್‌ಎಯು ‘ಎ’ ಮತ್ತು ‘ಬಿ’ ಎಂಬ ಎರಡು ರೂಪ ತಾಳುತ್ತದೆ ಎಂದು ತೋರಿಸಿದರು. ಫಾಸ್ಫೇಟ್ ಗುಂಪುಗಳು ಅಣುವಿನ ಹೊರಭಾಗದಲ್ಲಿವೆ ಎಂಬುದನ್ನೂ ನಿರ್ಧರಿಸಿದರು. 1952ರ ಮೇ ತಿಂಗಳಿನಲ್ಲಿ 60 ಗಂಟೆಗಳಿಗೂ ಮೀರಿ ಕ್ಷ-ಕಿರಣ ಹಾಯಿಸಿ ಪಡೆದ ‘ಬಿ’ ರೂಪದ ಚಿತ್ರವೇ ಪ್ರಸಿದ್ಧವಾದ 51ನೆಯ ಚಿತ್ರ. 1953ರ ಜನವರಿಯಲ್ಲಿ ಆ ಚಿತ್ರವನ್ನು ವಿಲ್ಕಿನ್ಸ್, ಫ್ರಾಂಕ್ಲಿನ್ ಅವರ ಗಮನಕ್ಕೆ ತರದೆ, ಜೇಮ್ಸ್ ವಾಟ್ಸನ್ ಅವರಿಗೆ ತೋರಿಸಿದರು. ಅವರ ಅಳತೆಗಳಿದ್ದ ವರದಿಯೂ ಮ್ಯಾಕ್ಸ್ ಪೆರುಟ್ಸ್ ಅವರ ಮೂಲಕ ಕೇಂಬ್ರಿಜ್‌ನ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಅವರ ಕೈ ಸೇರಿತು. 1953ರ ಏಪ್ರಿಲ್ 25ರ ‘ನೇಚರ್’ ಸಂಚಿಕೆಯಲ್ಲಿ ಮೂರು ಲೇಖನಗಳು ಒಟ್ಟಿಗೆ ಬಂದವು. ಫ್ರಾಂಕ್ಲಿನ್ ಮತ್ತು ಗಾಸ್ಲಿಂಗ್ ಅವರದು ಮೂರನೆಯದಾಗಿ, ವಾಟ್ಸನ್–ಕ್ರಿಕ್ ಮಾದರಿಗೆ ಸಾಕ್ಷ್ಯವೆಂಬಂತೆ, ಅಚ್ಚಾಯಿತು. ಮಾದರಿ ಹೊರಬೀಳುವ ಮೊದಲೇ ಆ ಲೇಖನದ ಕರಡು ಸಿದ್ಧವಾಗಿತ್ತೆಂಬುದು ದಾಖಲೆಗಳಿಂದ ತಿಳಿದಿದೆ. ಈ ಪ್ರಕರಣದ ಚರ್ಚೆ ಬೇರೆಡೆ ಸಾಕಷ್ಟು ನಡೆದಿರುವುದರಿಂದ ಇಲ್ಲಿ ವಿಸ್ತರಿಸಿಲ್ಲ.

ಬರ್ಕ್‌ಬೆಕ್ ಕಾಲೇಜು

1953ರ ಮಾರ್ಚ್ ನಡುವಿನಲ್ಲಿ ಫ್ರಾಂಕ್ಲಿನ್ ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿಗೆ ತೆರಳಿದರು. ಡಿಎನ್‌ಎ ವಿಷಯವನ್ನು ಕಿಂಗ್ಸ್ ಕಾಲೇಜಿನಲ್ಲಿಯೇ ಬಿಟ್ಟು ಹೋಗಬೇಕೆಂಬುದು ರ‍್ಯಾಂಡಲ್ ಅವರ ಷರತ್ತು. ಬರ್ಕ್‌ಬೆಕ್ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರು ಜೆ. ಡಿ. ಬರ್ನಲ್. ಪ್ರಯೋಗಾಲಯವಿದ್ದದ್ದು ಟಾರಿಂಗ್ಟನ್ ಚೌಕದ ಹಳೆಯ ಮನೆಯೊಂದರಲ್ಲಿ: ಫ್ರಾಂಕ್ಲಿನ್ ಅವರ ಕೊಠಡಿ ಮೇಲಿನ ಅಟ್ಟದಲ್ಲಿ, ಕ್ಷ-ಕಿರಣ ಯಂತ್ರ ನೆಲಮಾಳಿಗೆಯಲ್ಲಿ. ಸೌಲಭ್ಯಗಳ ದೃಷ್ಟಿಯಿಂದ ಇದು ಹಿಂಬಡ್ತಿಯೇ. ಆದರೆ ಇಲ್ಲಿ ಅವರ ಕೆಲಸ ಅವರದಾಗಿತ್ತು.

ಬರ್ನಲ್ ಅವರು ಸೂಚಿಸಿದ ವಿಷಯ ಹೊಗೆಸೊಪ್ಪಿನ ಮೊಸಾಯಿಕ್ ವೈರಸ್. ಹೊಗೆಸೊಪ್ಪಿನ ಎಲೆಯ ಮೇಲೆ ತಿಳಿಹಸಿರು, ಕಡುಹಸಿರು ತೇಪೆಗಳನ್ನು ಮೂಡಿಸುವ ರೋಗಕ್ಕೆ ಇದು ಕಾರಣ. 1935ರಲ್ಲಿ ಅಮೆರಿಕದ ವೆಂಡೆಲ್ ಸ್ಟ್ಯಾನ್ಲಿ ಇದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದ್ದರು. ಅದರಲ್ಲಿ ಪ್ರೋಟೀನ್ ಮಾತ್ರವಲ್ಲದೆ ಆರ್‌ಎನ್‌ಎ ಕೂಡ ಇದೆಯೆಂದು ಇಂಗ್ಲೆಂಡಿನ ಬಾಡೆನ್ ಮತ್ತು ಪಿರಿ ತೋರಿಸಿದ್ದರು. ಬರ್ನಲ್ ಸ್ವತಃ ಫ್ಯಾನ್‌ಕುಚೆನ್ ಅವರೊಡನೆ ಯುದ್ಧಕ್ಕೆ ಮುಂಚೆ ಇದರ ಕ್ಷ-ಕಿರಣ ಚಿತ್ರಗಳನ್ನು ತೆಗೆದಿದ್ದರು. ವೈರಸ್ ಕಡ್ಡಿಯಾಕಾರದ್ದು ಎಂಬುದು ಗೊತ್ತಿತ್ತು. ಪ್ರೋಟೀನ್ ಹೇಗೆ ಜೋಡಣೆಯಾಗಿದೆ, ಆರ್‌ಎನ್‌ಎ ಎಲ್ಲಿ ಅಡಗಿದೆ ಎಂಬುದು ಗೊತ್ತಿರಲಿಲ್ಲ. ಅದರ ಪ್ರೋಟೀನ್ ಸುರುಳಿಯಾಗಿ ಜೋಡಣೆಯಾಗಿರಬೇಕೆಂದು ವಾಟ್ಸನ್ 1954ರಲ್ಲಿ ಪ್ರಕಟಿಸಿದ್ದರು. ಆದರೆ ಒಂದು ಸುತ್ತಿಗೆ ಎಷ್ಟು ಘಟಕಗಳಿವೆ ಎಂಬ ಅವರ ಅಂದಾಜು ಸರಿಯಿರಲಿಲ್ಲ.

ಫ್ರಾಂಕ್ಲಿನ್ ವೈರಸ್ ದ್ರಾವಣವನ್ನು ಕೂದಲೆಳೆಯಂಥ ಗಾಜಿನ ನಳಿಕೆಗಳಲ್ಲಿ ತುಂಬಿ, ಕಡ್ಡಿಗಳೆಲ್ಲ ಒಂದೇ ದಿಕ್ಕಿಗೆ ಮಲಗುವಂತೆ ಮಾಡಿ, ಅಲ್ಲಿಯವರೆಗೆ ಯಾರೂ ಪಡೆಯದಷ್ಟು ಸ್ಪಷ್ಟವಾದ ಚಿತ್ರಗಳನ್ನು ತೆಗೆದರು. ದಕ್ಷಿಣ ಆಫ್ರಿಕದಲ್ಲಿ ಬೆಳೆದು ಬರ್ಕ್‌ಬೆಕ್‌ಗೆ ಬಂದಿದ್ದ ಆರನ್ ಕ್ಲುಗ್ ಎಂಬ ಯುವ ಭೌತವಿಜ್ಞಾನಿ ಈ ಚಿತ್ರಗಳನ್ನು ಕಂಡೇ ತಮ್ಮ ವಿಷಯವನ್ನು ಬದಲಿಸಿ ವೈರಸ್‌ಗಳತ್ತ ತಿರುಗಿದರು. ಫ್ರಾಂಕ್ಲಿನ್ ಪ್ರಯೋಗದಲ್ಲಿ ನಿಪುಣೆ, ಕ್ಲುಗ್ ಗಣಿತದಲ್ಲಿ. ಜೋಡಿ ಚೆನ್ನಾಗಿ ಹೊಂದಿತು. 1955ರಲ್ಲಿ ಕೆನ್ನೆತ್ ಹೋಮ್ಸ್ ಮತ್ತು ಜಾನ್ ಫಿಂಚ್ ಸಂಶೋಧನಾ ವಿದ್ಯಾರ್ಥಿಗಳಾಗಿ ಸೇರಿದರು. ಅಮೆರಿಕದಿಂದ ಡೊನಾಲ್ಡ್ ಕ್ಯಾಸ್ಪರ್ ಬಂದು ಹೋದರು. ಕಿಂಗ್ಸ್ ಕಾಲೇಜಿನಲ್ಲಿ ಯಾರೊಂದಿಗೂ ಹೊಂದಿಕೊಳ್ಳಲಾರರೆಂಬ ಹೆಸರು ಪಡೆದಿದ್ದವರು ಇಲ್ಲಿ ಇಂಥ ತಂಡವೊಂದನ್ನು ಕಟ್ಟಿ ನಡೆಸಿದರೆಂಬುದನ್ನು ಅವರ ಬಗೆಗೆ ಬರೆಯುವವರು ಗಮನಿಸಬೇಕು.

ಉದ್ದದ ವಿವಾದ

1955ರಲ್ಲಿ ಫ್ರಾಂಕ್ಲಿನ್ ‘ನೇಚರ್’ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿ, ಹೊಗೆಸೊಪ್ಪಿನ ವೈರಸ್ಸಿನ ಕಡ್ಡಿಗಳೆಲ್ಲವೂ ಒಂದೇ ಉದ್ದದವು ಎಂದು ಪ್ರತಿಪಾದಿಸಿದರು. ಇಂದು ಸಾಮಾನ್ಯ ಸಂಗತಿಯಂತೆ ಕಾಣುವ ಈ ಮಾತು ಆಗ ದೊಡ್ಡ ವಿವಾದಕ್ಕೆ ಕಾರಣವಾಯಿತು. ಬೇರ್ಪಡಿಸಿದ ದ್ರಾವಣದಲ್ಲಿ ಗಿಡ್ಡ, ಉದ್ದ ಎಲ್ಲ ಬಗೆಯ ಕಡ್ಡಿಗಳೂ ಕಾಣುತ್ತಿದ್ದವು. ಆ ವೈರಸ್ ಅಧ್ಯಯನದಲ್ಲಿ ಹಿರಿಯರಾಗಿದ್ದ ನಾರ್ಮನ್ ಪಿರಿ ಅವರು ಈ ನಿರ್ಣಯವನ್ನು ಕಟುವಾಗಿ ವಿರೋಧಿಸಿದರು. ಅವರಿಂದ ಫ್ರಾಂಕ್ಲಿನ್ ಅವರಿಗೆ ಬರುತ್ತಿದ್ದ ವೈರಸ್ ಮಾದರಿಗಳೂ ನಿಂತುಹೋದವು. ಹಿರಿಯರ ಮಾತಿಗೆ ಮಣಿದು ನಿರ್ಣಯವನ್ನು ಸಡಿಲಿಸಬಹುದಾಗಿತ್ತು. ಫ್ರಾಂಕ್ಲಿನ್ ಹಾಗೆ ಮಾಡಲಿಲ್ಲ. ಜರ್ಮನಿಯ ಟ್ಯೂಬಿಂಗೆನ್ ಮತ್ತು ಅಮೆರಿಕದ ಬರ್ಕ್ಲಿ ಪ್ರಯೋಗಾಲಯಗಳಿಂದ ಮಾದರಿಗಳನ್ನು ಪಡೆದು ಕೆಲಸ ಮುಂದುವರಿಸಿದರು. ಗಿಡ್ಡ ತುಂಡುಗಳು ಮುರಿದ ಕಡ್ಡಿಗಳು, ಅತಿ ಉದ್ದದವು ತುದಿಗೆ ತುದಿ ಸೇರಿದವು ಎಂಬುದೇ ಸರಿಯಾದ ವಿವರಣೆ.

ಈ ಉದ್ದದ ಪ್ರಶ್ನೆ ಏಕೆ ಮುಖ್ಯ ಎಂಬುದನ್ನು ತಿಳಿಯಬೇಕಾದರೆ ಕಡ್ಡಿಯ ರಚನೆಯನ್ನು ನೋಡಬೇಕು. ಸುರುಳಿಯಾಗಿ ಸೇರುತ್ತಾ ಹೋಗುವ ಪ್ರೋಟೀನಿಗೆ ಎಲ್ಲಿ ನಿಲ್ಲಬೇಕೆಂಬ ಅರಿವು ತನ್ನಷ್ಟಕ್ಕೆ ಇರುವುದಿಲ್ಲ. ಅಳತೆಗೋಲು ಬೇರೆ ಇರಬೇಕು. ಆ ಅಳತೆಗೋಲು ಒಳಗಿನ ಆರ್‌ಎನ್‌ಎ: ಅದು ಮುಗಿದಲ್ಲಿ ಕವಚವೂ ಮುಗಿಯುತ್ತದೆ. ಎಲ್ಲ ವೈರಸ್ ಕಣಗಳಲ್ಲಿಯೂ ಆರ್‌ಎನ್‌ಎ ಒಂದೇ ಉದ್ದದ್ದಾದ್ದರಿಂದ ಕಡ್ಡಿಗಳೂ ಒಂದೇ ಉದ್ದ.

ಕವಚದ ರಚನೆ ಮತ್ತು ಆರ್‌ಎನ್‌ಎಯ ಸ್ಥಾನ

ಈಗ ನಿರ್ಧಾರವಾಗಿರುವಂತೆ ಕಡ್ಡಿಯ ಉದ್ದ 300 ನ್ಯಾನೊಮೀಟರ್, ದಪ್ಪ 18 ನ್ಯಾನೊಮೀಟರ್. ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯ ಒಂದು ಪಾಲು. ಕವಚದಲ್ಲಿ ಸುಮಾರು 2,130 ಪ್ರೋಟೀನ್ ಅಣುಗಳಿವೆ; ಎಲ್ಲವೂ ಒಂದೇ ಅಚ್ಚಿನವು. ಒಂದು ಸುತ್ತಿಗೆ 16 ಮತ್ತು ಮೂರನೆಯ ಒಂದು ಭಾಗ, ಅಂದರೆ ಮೂರು ಸುತ್ತುಗಳಿಗೆ 49 ಘಟಕಗಳು. ಪಾದರಸದ ಪರಮಾಣುಗಳನ್ನು ಅಂಟಿಸಿದ ವೈರಸ್ಸನ್ನೂ ಸಹಜ ವೈರಸ್ಸನ್ನೂ ಹೋಲಿಸಿ, ಈ 49ರ ಲೆಕ್ಕವನ್ನು ಫ್ರಾಂಕ್ಲಿನ್ ಮತ್ತು ಹೋಮ್ಸ್ ಸ್ಥಾಪಿಸಿದರು. ಅದು 1958ರಲ್ಲಿ ಪ್ರಕಟವಾಯಿತು. ಕಡ್ಡಿಯ ಹೊರಮೈ ನುಣುಪಾಗಿಲ್ಲ, ಸುರುಳಿಯಾಗಿ ಸಾಗುವ ತೋಡೂ ಉಬ್ಬುಗಳೂ ಅದರ ಮೇಲಿವೆ ಎಂದು ಫ್ರಾಂಕ್ಲಿನ್ ಮತ್ತು ಕ್ಲುಗ್ 1956ರಲ್ಲಿ ತೋರಿಸಿದ್ದರು. ಕಾಳುಗಳು ಒತ್ತೊತ್ತಾಗಿ ಕೂತ ಮುಸುಕಿನ ಜೋಳದ ತೆನೆಯನ್ನು ನೆನೆದರೆ ಕಡ್ಡಿಯ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಆರ್‌ಎನ್‌ಎ ಎಲ್ಲಿದೆ ಎಂಬ ಪ್ರಶ್ನೆಯನ್ನು ಬಿಡಿಸಿದ ಬಗೆ ವಿಶೇಷವಾಗಿ ಗಮನಾರ್ಹ. ಟ್ಯೂಬಿಂಗೆನ್‌ನ ಗೆರ್ಹಾರ್ಡ್ ಶ್ರಾಮ್ ಅವರು ವೈರಸ್ಸನ್ನು ಬಿಚ್ಚಿ, ಆರ್‌ಎನ್‌ಎಯನ್ನು ತೆಗೆದು, ಬರಿಯ ಪ್ರೋಟೀನನ್ನು ಮತ್ತೆ ಕಡ್ಡಿಯಾಗಿ ಕೂಡಿಕೊಳ್ಳುವಂತೆ ಮಾಡಿದ್ದರು. ಆ ಖಾಲಿ ಕಡ್ಡಿಯ ಕ್ಷ-ಕಿರಣ ಚಿತ್ರ ತೆಗೆದ ಫ್ರಾಂಕ್ಲಿನ್, ಅದರ ಪ್ರೋಟೀನ್ ಜೋಡಣೆ ನಿಜವಾದ ವೈರಸ್ಸಿನಂತೆಯೇ ಇದೆಯೆಂದು ತೋರಿಸಿದರು. ಎಂದರೆ ಜೋಡಣೆಯ ನಕ್ಷೆ ಪ್ರೋಟೀನಿನ ಆಕಾರದಲ್ಲಿಯೇ ಅಡಗಿದೆ. ಕೂಡಿಸುವ ಕೈ ಬೇರೆ ಬೇಕಿಲ್ಲ. ಅಮೆರಿಕದಲ್ಲಿ ಫ್ರೆಂಕೆಲ್-ಕೊನ್ರಾಟ್ ಮತ್ತು ರಾಬ್ಲಿ ವಿಲಿಯಮ್ಸ್ 1955ರಲ್ಲಿ ಪ್ರೋಟೀನನ್ನೂ ಆರ್‌ಎನ್‌ಎಯನ್ನೂ ಬೇರ್ಪಡಿಸಿ, ಮತ್ತೆ ಬೆರೆಸಿ, ರೋಗ ಹರಡಬಲ್ಲ ವೈರಸ್ಸನ್ನು ಪ್ರನಾಳದಲ್ಲಿಯೇ ಮರಳಿ ಪಡೆದರು. ಸ್ವಯಂಜೋಡಣೆ ಎಂಬ ಕಲ್ಪನೆಗೆ ಈ ಎರಡು ಕೆಲಸಗಳು ಒಂದಕ್ಕೊಂದು ಆಧಾರವಾದವು.

1956ರಲ್ಲಿ ಕ್ಯಾಸ್ಪರ್ ಮತ್ತು ಫ್ರಾಂಕ್ಲಿನ್ ಅವರ ಎರಡು ಲೇಖನಗಳು ‘ನೇಚರ್’ನಲ್ಲಿ ಜೊತೆಯಾಗಿ ಬಂದವು. ಕಡ್ಡಿಯ ನಡುವಿನಿಂದ ಹೊರಕ್ಕೆ ಹೋಗುತ್ತಾ ದ್ರವ್ಯದ ಸಾಂದ್ರತೆ ಹೇಗೆ ಏರಿಳಿಯುತ್ತದೆ ಎಂಬುದನ್ನು ಕ್ಯಾಸ್ಪರ್ ಲೆಕ್ಕಹಾಕಿದ್ದರು: ನಟ್ಟನಡುವೆ ಒಂದು ಟೊಳ್ಳು, ಅಕ್ಷದಿಂದ 4 ನ್ಯಾನೊಮೀಟರ್ ದೂರದಲ್ಲಿ ಒಂದು ಎದ್ದ ಶಿಖರ. ಖಾಲಿ ಕಡ್ಡಿಗೂ ಅದೇ ಲೆಕ್ಕ ಮಾಡಿದ ಫ್ರಾಂಕ್ಲಿನ್, ಅದರಲ್ಲಿ ಆ ಶಿಖರ ಇಲ್ಲವೆಂದು ಕಂಡರು. ಹಾಗಾದರೆ ಶಿಖರವೇ ಆರ್‌ಎನ್‌ಎ. ಅದು ಕೊಳವೆಯೊಳಗೆ ದಾರ ಸೇರಿಸಿದಂತೆ ಟೊಳ್ಳಿನಲ್ಲಿ ಇಲ್ಲ. ಪ್ರೋಟೀನ್ ಘಟಕಗಳ ನಡುವೆಯೇ ಹುದುಗಿ ಸುರುಳಿ ಸುತ್ತಿದೆ. ಪ್ರತಿ ಘಟಕವೂ ಆರ್‌ಎನ್‌ಎಯ ಮೂರು ಅಕ್ಷರಗಳನ್ನು ಹಿಡಿದುಕೊಂಡಿದೆ ಎಂಬುದು ಮುಂದೆ ತಿಳಿಯಿತು: 2,130 ಘಟಕಗಳು, ಸುಮಾರು 6,400 ಅಕ್ಷರಗಳು, ಲೆಕ್ಕ ಸರಿಹೊಂದುತ್ತದೆ.

ಟೊಳ್ಳು ಏಕಿದೆ ಎಂಬುದು ಉಳಿದ ಪ್ರಶ್ನೆ. ಅದಕ್ಕೆ ಉತ್ತರ ದೊರೆತದ್ದು ಫ್ರಾಂಕ್ಲಿನ್ ತೀರಿಕೊಂಡ ಎಷ್ಟೋ ವರ್ಷಗಳ ನಂತರ. ಪ್ರೋಟೀನ್ ಮೊದಲು ಎರಡು ಪದರದ ಬಿಲ್ಲೆಯಾಗಿ ಕೂಡಿಕೊಳ್ಳುತ್ತದೆ. ಆರ್‌ಎನ್‌ಎಯ ಒಂದು ಕುಣಿಕೆ ಬಿಲ್ಲೆಯ ನಡುವಿನ ತೂತಿನೊಳಗೆ ಹೋಗಿ ಸಿಕ್ಕಿಕೊಂಡು ಜೋಡಣೆಯನ್ನು ಆರಂಭಿಸುತ್ತದೆ. ಕಡ್ಡಿ ಬೆಳೆಯುತ್ತಿದ್ದಂತೆ ಉಳಿದ ಆರ್‌ಎನ್‌ಎ ಆ ಟೊಳ್ಳಿನ ಮೂಲಕವೇ ಎಳೆದುಕೊಂಡು ಬರುತ್ತದೆ ಎಂದು 1970ರ ದಶಕದಲ್ಲಿ ಕ್ಲುಗ್ ಮತ್ತು ಸಂಗಡಿಗರು ತೋರಿಸಿದರು.

ಗೋಳಾಕಾರದ ವೈರಸ್‌ಗಳು

ಸಣ್ಣ ವೈರಸ್ ಒಂದರ ಅನುವಂಶಿಕ ಸಾಮಗ್ರಿ ಬಹಳ ಕಿರಿದು. ದೊಡ್ಡ ಕವಚಕ್ಕೆ ಬೇಕಾದಷ್ಟು ಬಗೆಬಗೆಯ ಪ್ರೋಟೀನುಗಳ ವಿವರವನ್ನು ಅದು ಹೊತ್ತಿರಲಾರದು. ಆದ್ದರಿಂದ ಒಂದೇ ಪ್ರೋಟೀನನ್ನು ಹಲವು ಸಲ ಬಳಸಲೇಬೇಕು ಎಂದು ಕ್ರಿಕ್ ಮತ್ತು ವಾಟ್ಸನ್ 1956ರಲ್ಲಿ ವಾದಿಸಿದರು. ಇಂದಿನ ಅಂಕಿಗಳಿಂದ ಇದನ್ನು ಪರಿಶೀಲಿಸಬಹುದು. ಹೊಗೆಸೊಪ್ಪಿನ ವೈರಸ್ಸಿನ ಕವಚದ ಒಂದು ಪ್ರೋಟೀನಿನಲ್ಲಿ 158 ಅಮೈನೊ ಆಮ್ಲಗಳಿವೆ. ಅದನ್ನು ಬರೆಯಲು 474 ಆರ್‌ಎನ್‌ಎ ಅಕ್ಷರಗಳು ಬೇಕು. 2,130 ಘಟಕಗಳೂ ಬೇರೆಬೇರೆಯಾಗಿದ್ದಿದ್ದರೆ ಹತ್ತು ಲಕ್ಷಕ್ಕೂ ಹೆಚ್ಚು ಅಕ್ಷರಗಳು ಬೇಕಾಗುತ್ತಿದ್ದವು. ಇರುವುದು 6,400.

ಕ್ಲುಗ್, ಫಿಂಚ್ ಅವರೊಂದಿಗೆ ಫ್ರಾಂಕ್ಲಿನ್ ಟರ್ನಿಪ್ ಹಳದಿ ಮೊಸಾಯಿಕ್ ವೈರಸ್ ಎಂಬ ಗೋಳಾಕಾರದ ವೈರಸ್ಸಿನ ಅಧ್ಯಯನವನ್ನೂ ಕೈಗೊಂಡರು. ಅನಂತರ ಪೋಲಿಯೊ ವೈರಸ್ಸಿನತ್ತ ತಿರುಗಿದರು. ಜೀವಂತ ಪೋಲಿಯೊ ವೈರಸ್ಸಿನ ಹರಳುಗಳನ್ನು ಬಳಸುವ ಈ ಕೆಲಸದ ಬಗ್ಗೆ ಸುತ್ತಲಿನವರಲ್ಲಿ ಅಳುಕಿತ್ತು. ಆ ವೇಳೆಗೆ ಫ್ರಾಂಕ್ಲಿನ್ ಅವರ ಆರೋಗ್ಯವೇ ಕುಸಿಯತೊಡಗಿತ್ತು.

ಕಾಯಿಲೆ ಮತ್ತು ಕೊನೆಯ ದಿನಗಳು

1956ರ ಬೇಸಿಗೆಯಲ್ಲಿ ಅಮೆರಿಕ ಪ್ರವಾಸದಲ್ಲಿದ್ದಾಗ ಹೊಟ್ಟೆಯ ತೊಂದರೆ ಕಾಣಿಸಿಕೊಂಡಿತು. ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ ನಡೆದು, ಅಂಡಾಶಯದ ಕ್ಯಾನ್ಸರ್ ಎಂದು ತಿಳಿಯಿತು. ಕ್ಷ-ಕಿರಣಗಳೊಂದಿಗಿನ ಒಡನಾಟವೇ ಕಾರಣವೆಂದು ಹಲವರು ಬರೆದಿದ್ದಾರೆ. ಅದು ಊಹೆಯೇ ಹೊರತು ಸಿದ್ಧವಾದ ಸಂಗತಿಯಲ್ಲ. ಚಿಕಿತ್ಸೆಯ ನಡುವೆ ಕೆಲಕಾಲ ಅವರು ವಿಶ್ರಾಂತಿ ಪಡೆದದ್ದು ಕೇಂಬ್ರಿಜ್‌ನಲ್ಲಿ ಫ್ರಾನ್ಸಿಸ್ ಮತ್ತು ಓಡಿಲ್ ಕ್ರಿಕ್ ದಂಪತಿಯ ಮನೆಯಲ್ಲಿ. ಡಿಎನ್‌ಎ ಪ್ರಕರಣದ ಎದುರಾಳಿಗಳೆಂದು ಇಂದು ಚಿತ್ರಿಸಲಾಗುವ ಇವರು ಆ ವೇಳೆಗೆ ಸ್ನೇಹಿತರಾಗಿದ್ದರು. 1956ರಲ್ಲಿ ಸ್ಪೇನ್ ದೇಶದಲ್ಲಿ ಜೊತೆಯಾಗಿ ಪ್ರವಾಸವನ್ನೂ ಮಾಡಿದ್ದರು.

ಸಂಶೋಧನೆ ನಿಲ್ಲಲಿಲ್ಲ. 1956 ಮತ್ತು 1957ರಲ್ಲಿ ತಂಡದಿಂದ ಹದಿಮೂರು ಲೇಖನಗಳು ಹೊರಬಂದವು. ಕೃಷಿ ಸಂಶೋಧನಾ ಮಂಡಳಿಯ ಹಣ ಮುಗಿಯುತ್ತಾ ಬಂದು, ತಂಡದವರ ಉದ್ಯೋಗವೇ ಅನಿಶ್ಚಿತವಾದಾಗ, ಫ್ರಾಂಕ್ಲಿನ್ ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆಗೆ ಅರ್ಜಿ ಹಾಕಿ 1957ರಲ್ಲಿ ಮೂರು ವರ್ಷಗಳ ಅನುದಾನ ತಂದರು. ಆ ಮೂರು ವರ್ಷಗಳನ್ನು ತಾವು ಕಾಣುವುದು ಅನುಮಾನವೆಂಬುದು ಅವರಿಗೆ ತಿಳಿಯದ ವಿಷಯವಾಗಿರಲಿಲ್ಲ.

1958ರ ಬ್ರಸೆಲ್ಸ್ ವಿಶ್ವ ಪ್ರದರ್ಶನದ ವಿಜ್ಞಾನ ಮಂಟಪಕ್ಕಾಗಿ ಹೊಗೆಸೊಪ್ಪಿನ ವೈರಸ್ಸಿನ ದೊಡ್ಡ ಮಾದರಿಯೊಂದನ್ನು ಮಾಡಿಕೊಡುವಂತೆ ಅವರಿಗೆ ಕೋರಿಕೆ ಬಂದಿತ್ತು. ಸುಮಾರು ಐದು ಅಡಿ ಎತ್ತರದ ಆ ಮಾದರಿಯನ್ನು ಟೇಬಲ್ ಟೆನಿಸ್ ಚೆಂಡುಗಳು, ಸೈಕಲ್ ಹಿಡಿಕೆಯ ಪ್ಲಾಸ್ಟಿಕ್ ಕವಚಗಳು ಮೊದಲಾದ ಸಾಮಗ್ರಿಗಳಿಂದ ಕಟ್ಟಲಾಯಿತು. ಪ್ರದರ್ಶನ ಏಪ್ರಿಲ್ 17ರಂದು ಆರಂಭವಾಯಿತು. ಅದರ ಹಿಂದಿನ ದಿನ, ಏಪ್ರಿಲ್ 16ರಂದು, ಫ್ರಾಂಕ್ಲಿನ್ ಲಂಡನ್ನಿನ ಚೆಲ್ಸಿಯಲ್ಲಿ ನಿಧನರಾದರು. ಆಗ ಅವರಿಗೆ 37 ವರ್ಷ. ಅವಿವಾಹಿತರಾಗಿದ್ದ ಅವರು ತಮ್ಮ ಉಯಿಲಿನಲ್ಲಿ ಕ್ಲುಗ್ ಅವರಿಗೆ 3,000 ಪೌಂಡುಗಳನ್ನೂ ತಮ್ಮ ಆಸ್ಟಿನ್ ಕಾರನ್ನೂ ಬಿಟ್ಟುಹೋಗಿದ್ದರು. ಪೋಲಿಯೊ ವೈರಸ್ಸಿನ ರಚನೆಯನ್ನು ಫಿಂಚ್ ಮತ್ತು ಕ್ಲುಗ್ 1959ರಲ್ಲಿ ಪ್ರಕಟಿಸಿ, ಲೇಖನವನ್ನು ಅವರ ನೆನಪಿಗೆ ಅರ್ಪಿಸಿದರು.

ಬ್ಯಾಕ್ಟೀರಿಯಾ ವೈರಸ್‌ಗಳ ಕವಚದ ಅಧ್ಯಯನದ ಮೇಲೆ ಪ್ರಭಾವ

ಫ್ರಾಂಕ್ಲಿನ್ ಸ್ವತಃ ಬ್ಯಾಕ್ಟೀರಿಯೊಫೇಜ್‌ಗಳ ಮೇಲೆ ಕೆಲಸ ಮಾಡಲಿಲ್ಲ. ಆ ಕಾಲದಲ್ಲಿ ಅವು ಅನುವಂಶೀಯತೆಯನ್ನು ಅಭ್ಯಸಿಸುವವರ ಪ್ರಿಯವಸ್ತುಗಳಾಗಿದ್ದವು. ವಾಟ್ಸನ್ ಅವರೂ ಅದೇ ಗರಡಿಯಿಂದ ಬಂದವರು. ಫೇಜ್ ಬ್ಯಾಕ್ಟೀರಿಯಾಕ್ಕೆ ಅಂಟಿಕೊಂಡಾಗ ಡಿಎನ್‌ಎ ಒಳಹೋಗಿ ಪ್ರೋಟೀನ್ ಕವಚ ಬಹುತೇಕ ಹೊರಗೇ ಉಳಿಯುತ್ತದೆ ಎಂದು ಹರ್ಷಿ ಮತ್ತು ಚೇಸ್ 1952ರಲ್ಲಿ ತೋರಿಸಿದ್ದರು. ಹಾಗಾಗಿ ಎಲ್ಲರ ಗಮನವೂ ಒಳಗಿನ ಡಿಎನ್‌ಎಯತ್ತ ಹೊರಳಿತು. ಕವಚವನ್ನು ಬರಿಯ ಸಿಪ್ಪೆಯೆಂದು ಬಗೆದವರೇ ಹೆಚ್ಚು. ಆ ಸಿಪ್ಪೆಯಲ್ಲಿಯೂ ಒಂದು ಗಣಿತವಿದೆಯೆಂಬುದು ಬರ್ಕ್‌ಬೆಕ್ ತಂಡದ ಕೆಲಸದ ಮುಂದುವರಿಕೆಯಾಗಿ ಹೊರಬಂತು.

1962ರಲ್ಲಿ ಕ್ಯಾಸ್ಪರ್ ಮತ್ತು ಕ್ಲುಗ್ ಗೋಳಾಕಾರದ ಕವಚಗಳ ಸಾಮಾನ್ಯ ಸಿದ್ಧಾಂತವನ್ನು ಮಂಡಿಸಿದರು. ಇಪ್ಪತ್ತು ತ್ರಿಕೋನ ಮುಖಗಳುಳ್ಳ ಘನಾಕೃತಿಯ ಮೇಲೆ ಪೂರ್ತಿ ಸಮಾನವಾದ ಸ್ಥಾನಗಳು 60 ಮಾತ್ರ. ಅದಕ್ಕಿಂತ ದೊಡ್ಡ ಕವಚ ಬೇಕಾದರೆ, ಘಟಕಗಳು ತಮ್ಮ ಕೂಡಿಕೆಯನ್ನು ತುಸು ಬಾಗಿಸಿಕೊಂಡು, ಕೆಲವೆಡೆ ಐದೈದಾಗಿ, ಉಳಿದೆಡೆ ಆರಾರಾಗಿ ಕೂಡಬೇಕು. ಐದರ ಗುಂಪುಗಳು ಯಾವಾಗಲೂ ಹನ್ನೆರಡೇ. ಆರರ ಗುಂಪುಗಳು ಎಷ್ಟಾದರೂ ಇರಬಹುದು. ಚರ್ಮದ ಪಂಚಕೋನ, ಷಟ್ಕೋನ ತುಂಡುಗಳನ್ನು ಹೊಲಿದು ಮಾಡಿದ ಕಾಲ್ಚೆಂಡಿನಲ್ಲಿ ಇದೇ ಲೆಕ್ಕವನ್ನು ಎಣಿಸಿ ನೋಡಬಹುದು. ಒಟ್ಟು ಘಟಕಗಳ ಸಂಖ್ಯೆ 60ರ ಒಂದು, ಮೂರು, ನಾಲ್ಕು, ಏಳು ಇತ್ಯಾದಿ ಗುಣಕಗಳಾಗಿ ಬರುತ್ತದೆ.

ಬ್ಯಾಕ್ಟೀರಿಯಾ ವೈರಸ್‌ಗಳಲ್ಲಿ ಈ ಲೆಕ್ಕ ಬಹುಮಟ್ಟಿಗೆ ನಿಜವಾಯಿತು. ಫೈ-ಎಕ್ಸ್-174 ಎಂಬ ಫೇಜ್‌ನ ಮುಖ್ಯ ಕವಚದಲ್ಲಿ 60 ಘಟಕಗಳು. ಎಂಎಸ್-2 ಎಂಬ ಆರ್‌ಎನ್‌ಎ ಫೇಜ್‌ನ ಕವಚ 180ರ ವಿನ್ಯಾಸದ್ದು. ಲ್ಯಾಂಬ್ಡಾ, ಎಚ್‌ಕೆ-97 ಮೊದಲಾದ ಬಾಲವುಳ್ಳ ಫೇಜ್‌ಗಳ ತಲೆ 420 ಘಟಕಗಳ ವಿನ್ಯಾಸದ್ದು. ಅದರಲ್ಲಿ ಒಂದು ಮೂಲೆಯ ಐದನ್ನು ತೆಗೆದು, ಅಲ್ಲಿ ಡಿಎನ್‌ಎ ಒಳಹೋಗುವ ಬಾಗಿಲನ್ನು ಕೂರಿಸಿರುವುದರಿಂದ, ವಾಸ್ತವವಾಗಿ 415. ಫ್ರಾಂಕ್ಲಿನ್ ಅವರ ಕಡ್ಡಿಗೆ ನೇರ ಬಂಧುಗಳೆನ್ನಬಹುದಾದ ದಾರದಂಥ ಫೇಜ್‌ಗಳೂ 1960ರ ದಶಕದಲ್ಲಿ ಪತ್ತೆಯಾದವು. ಅವುಗಳಲ್ಲಿ ಸುಮಾರು 2,700 ಪುಟ್ಟ ಪ್ರೋಟೀನುಗಳು ಸುರುಳಿಯಾಗಿ ಡಿಎನ್‌ಎಯನ್ನು ಸುತ್ತುವರಿದಿವೆ.

ಆದರೆ ಜೋಡಣೆಯ ಕ್ರಮದಲ್ಲಿ ಬಾಲವುಳ್ಳ ಫೇಜ್‌ಗಳು ಹೊಗೆಸೊಪ್ಪಿನ ವೈರಸ್ಸಿನಿಂದ ಬಹಳ ಭಿನ್ನ, ಇದನ್ನು ಮರೆಯಬಾರದು. ಅಲ್ಲಿ ಆರ್‌ಎನ್‌ಎಯ ಸುತ್ತಲೂ ಕವಚ ಬೆಳೆಯುತ್ತದೆ. ಇಲ್ಲಿ ಮೊದಲು ಖಾಲಿ ಕವಚ ಸಿದ್ಧವಾಗುತ್ತದೆ, ಅನಂತರ ಡಿಎನ್‌ಎಯನ್ನು ಒಳಗೆ ತುಂಬಲಾಗುತ್ತದೆ. ಖಾಲಿ ಕವಚ ಸರಿಯಾದ ಗಾತ್ರಕ್ಕೆ ಬರಲು, ಕಟ್ಟಡಕ್ಕೆ ಸಾರುವೆ ಕಟ್ಟುವಂತೆ, ಒಳಗೆ ಆಸರೆಯ ಪ್ರೋಟೀನುಗಳು ನಿಲ್ಲುತ್ತವೆ. ಪಿ-22 ಎಂಬ ಫೇಜ್‌ನಲ್ಲಿ ಕೆಲಸ ಮುಗಿದೊಡನೆ ಅವು ಹೊರಬಂದು ಮುಂದಿನ ಕವಚಕ್ಕೆ ಮತ್ತೆ ಬಳಕೆಯಾಗುತ್ತವೆ. ಡಿಎನ್‌ಎಯನ್ನು ಬಾಗಿಲಿನ ಮೂಲಕ ಒಳಕ್ಕೆ ತಳ್ಳಲು ಅಣುಯಂತ್ರವೊಂದು ಜೀವಕೋಶದ ಶಕ್ತಿಯನ್ನು ವ್ಯಯಿಸುತ್ತದೆ. ಆ ಹಂತದಲ್ಲಿ ದಪ್ಪನಾಗಿ ದುಂಡಗಿದ್ದ ಗೋಡೆ ತೆಳುವಾಗಿ ಹಿಗ್ಗಿ, ಮೂಲೆಗಳು ಎದ್ದು ಕಾಣುತ್ತವೆ. ಎಚ್‌ಕೆ-97ರಲ್ಲಿ ಪ್ರೋಟೀನುಗಳು ಒಂದಕ್ಕೊಂದು ರಾಸಾಯನಿಕವಾಗಿ ಬೆಸೆದುಕೊಂಡು, ಹಳೆಯ ಯೋಧರ ಬಳೆಸರಪಳಿಯ ಅಂಗಿಯಂತೆ, ಬಳೆಯೊಳಗೆ ಬಳೆಯಾಗಿ ಹೆಣೆದುಕೊಳ್ಳುತ್ತವೆ. ಟಿ-4 ಫೇಜ್‌ನಲ್ಲಿ ತಲೆ, ಬಾಲ, ಬಾಲದ ನಾರುಗಳು ಬೇರೆಬೇರೆಯಾಗಿ ತಯಾರಾಗಿ ಕೊನೆಗೆ ಕೂಡುತ್ತವೆಂದು ಎಡ್ಗರ್ ಮತ್ತು ವುಡ್ 1960ರ ದಶಕದಲ್ಲಿ ತೋರಿಸಿದರು. ಒಂದೇ ಬಗೆಯ ಘಟಕಗಳ ಪುನರಾವರ್ತನೆ, ಆಕಾರವೇ ನಕ್ಷೆಯಾಗುವುದು ಎಂಬ ಎರಡು ಅಂಶಗಳು ಈ ಎಲ್ಲ ವೈವಿಧ್ಯದ ಕೆಳಗೂ ಉಳಿದಿವೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಆರ್. ಎನ್. ಮೂರ್ತಿ ಮತ್ತು ಎಚ್. ಎಸ್. ಸಾವಿತ್ರಿ ಅವರ ತಂಡಗಳು ಸೆಸ್ಬೇನಿಯ ಮೊಸಾಯಿಕ್ ವೈರಸ್ ಎಂಬ ಸಸ್ಯವೈರಸ್ಸಿನ 180 ಘಟಕಗಳ ಕವಚದ ರಚನೆಯನ್ನೂ ಜೋಡಣೆಯನ್ನೂ ಕ್ಷ-ಕಿರಣಗಳ ನೆರವಿನಿಂದ ವಿವರವಾಗಿ ಅಭ್ಯಸಿಸಿವೆ.

ಮನ್ನಣೆ

1962ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ವಾಟ್ಸನ್, ಕ್ರಿಕ್ ಮತ್ತು ವಿಲ್ಕಿನ್ಸ್ ಅವರಿಗೆ ಸಂದಿತು. 1982ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಕ್ಲುಗ್ ಅವರಿಗೆ ದೊರೆಯಿತು. ಅದಕ್ಕೆ ಕಾರಣವಾದ ಕೆಲಸದ ಒಂದು ಭಾಗ ಫ್ರಾಂಕ್ಲಿನ್ ಅವರ ಜೊತೆಯಲ್ಲಿ ಆರಂಭವಾದದ್ದು. ಬದುಕಿದ್ದರೆ ಅವರಿಗೆ ಮೊದಲನೆಯದು ಸಲ್ಲುತ್ತಿತ್ತೇ ಎಂಬ ಚರ್ಚೆ ಪದೇಪದೇ ನಡೆಯುತ್ತದೆ. ಎರಡನೆಯದರ ಬಗ್ಗೆ ಅಷ್ಟಾಗಿ ನಡೆಯುವುದಿಲ್ಲ, ನಡೆಯಬೇಕಾದದ್ದು ಅದೇ.

1968ರಲ್ಲಿ ವಾಟ್ಸನ್ ಬರೆದ ಡಿಎನ್‌ಎ ಕಥನದಲ್ಲಿ ಫ್ರಾಂಕ್ಲಿನ್ ಅವರ ಚಿತ್ರಣ ಅನ್ಯಾಯದ್ದಾಗಿತ್ತು. ಅದಕ್ಕೆ ಉತ್ತರವೆಂಬಂತೆ ಗೆಳತಿ ಆ್ಯನ್ ಸೇಯರ್ 1975ರಲ್ಲಿ ಅವರ ಜೀವನಚರಿತ್ರೆಯನ್ನು ಬರೆದರು. 2002ರಲ್ಲಿ ಬ್ರೆಂಡಾ ಮ್ಯಾಡಾಕ್ಸ್ ಅವರ ವಿಸ್ತಾರವಾದ ಜೀವನಚರಿತ್ರೆ ಪ್ರಕಟವಾಯಿತು. ಲಂಡನ್ನಿನ ರಾಯಲ್ ಸೊಸೈಟಿ ಅವರ ಹೆಸರಿನಲ್ಲಿ ಪ್ರಶಸ್ತಿ ನೀಡುತ್ತಿದೆ. ಅಮೆರಿಕದ ಷಿಕಾಗೊ ಬಳಿಯ ವೈದ್ಯಕೀಯ ವಿಶ್ವವಿದ್ಯಾಲಯವೊಂದು 2004ರಲ್ಲಿ ಅವರ ಹೆಸರನ್ನು ತಳೆಯಿತು. ಮಂಗಳ ಗ್ರಹಕ್ಕೆ ಕಳುಹಿಸಲೆಂದು ಯುರೋಪಿನ ಬಾಹ್ಯಾಕಾಶ ಸಂಸ್ಥೆ ನಿರ್ಮಿಸಿದ ಸಂಚಾರಿ ವಾಹನಕ್ಕೂ 2019ರಲ್ಲಿ ಅವರ ಹೆಸರನ್ನಿಡಲಾಯಿತು.

ಅವರ ಸಮಾಧಿ ಲಂಡನ್ನಿನ ವಿಲ್ಸ್‌ಡನ್ ಯಹೂದಿ ಸ್ಮಶಾನದಲ್ಲಿದೆ. ಅವರು ವಿಜ್ಞಾನಿಯಾಗಿದ್ದರೆಂದೂ, ವೈರಸ್‌ಗಳ ಕುರಿತ ಅವರ ಸಂಶೋಧನೆ ಮನುಕುಲಕ್ಕೆ ಶಾಶ್ವತವಾಗಿ ಉಪಯುಕ್ತವೆಂದೂ ಅದರ ಮೇಲೆ ಕೆತ್ತಲಾಗಿದೆ. ಡಿಎನ್‌ಎಯ ಉಲ್ಲೇಖ ಅದರಲ್ಲಿಲ್ಲ.